ಜಗತ್ತು ಮೆಚ್ಚಿತು, ಹಳ್ಳಿ ಕೊಳ್ಳಲಿಲ್ಲ

ಹೊಸ ಫೋನೊಂದು ಬರಲಿದೆ ಎಂಬ ಪ್ರಕಟಣೆ ಹೊರಬಿದ್ದರೆ ಸಾಕು, ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗರ ಚರ್ಚೆ ಶುರುವಾಗುತ್ತದೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬೆಲೆ ಎಷ್ಟು? ಸೊರಬದ ಬಸ್ಸು ಶಿರಾಳಕೊಪ್ಪ ದಾಟುವಷ್ಟರಲ್ಲಿ 'ಭಾರೀ ಫೋನು' ಎಂದೋ 'ಕೆಲಸಕ್ಕೆ ಬಾರದ್ದು' ಎಂದೋ ತೀರ್ಪೂ ಆಗಿಬಿಟ್ಟಿರುತ್ತದೆ. ಆ ಫೋನನ್ನು ಅವರಲ್ಲಿ ಒಬ್ಬರೂ ಮುಟ್ಟಿ ನೋಡಿರುವುದಿಲ್ಲ! ಸಂಜೆ ಮನೆಯಲ್ಲಿ ಮಗನ ಬೇಡಿಕೆ ಕೇಳುವ ತಂದೆಗಾದರೋ ಅದು ಮೆಕ್ಕೆಜೋಳ ಮಾರಿ ಕೈಗೆ ಬಂದ ಹಣದ ಪ್ರಶ್ನೆ.

ಪ್ರಕಟಣೆಯ ದಿನದ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ಬೆಂಗಳೂರಿನಲ್ಲೇ ಹುಟ್ಟಿದ ಯಂತ್ರವೊಂದರ ಕಥೆ ಇದಕ್ಕೆ ಉತ್ತರ ಹೇಳುತ್ತದೆ.

ಅದರ ಹೆಸರು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ಇದು 2001ರಲ್ಲಿ ಸುದ್ದಿಯಾಯಿತು. ಇದು ಫೋನ್ ಅಲ್ಲ, ಅಂಗೈ ಮೇಲಿನ ಕಂಪ್ಯೂಟರ್. ಬೆಲೆ ಸುಮಾರು 9,000 ರೂಪಾಯಿ ಇರಬೇಕೆಂಬುದು ಗುರಿ. ಪರದೆಯ ಮೇಲಿನ ಬರಹವನ್ನು ಕನ್ನಡದಂಥ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ತಂತ್ರಾಂಶ ಇದರಲ್ಲಿತ್ತು. ಅಕ್ಷರ ಬಾರದವರಿಗೂ ಕಂಪ್ಯೂಟರ್ ಸಿಗಲಿ ಎಂಬುದು ಅದರ ಉದ್ದೇಶ. ಒಂದೇ ಯಂತ್ರವನ್ನು ಊರಿನವರೆಲ್ಲ ಹಂಚಿಕೊಂಡು, ತಂತಮ್ಮ ಮಾಹಿತಿಯನ್ನು ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಬಹುದಿತ್ತು.

ಜಗತ್ತು ಬೆರಗಾಯಿತು. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲೂ ಅದೇ ವರ್ಷ ಹೊಗಳಿಕೆ ಬಂತು.

2004ರಲ್ಲಿ ಪಿಕೋಪೆಟಾ ಸಂಸ್ಥೆ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ 'ಅಮಿಡಾ' ಎಂಬ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದವು. ಅದನ್ನು ಕೈಯಲ್ಲೇ ವಾಲಿಸಿ ಪುಟ ತಿರುಗಿಸಬಹುದಿತ್ತು. ಇಂದು ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುವುದಿಲ್ಲವೆ? ಆ ಜಾಣತನದ ಹಿಂದಿರುವುದೂ ಅಂಥದೇ ಸಂವೇದಕ. ಐಫೋನ್ ಪ್ರಕಟವಾದದ್ದು 2007ರಲ್ಲಿ. ನಮ್ಮ ಅಮಿಡಾ ಅದಕ್ಕಿಂತ ಮೂರು ವರ್ಷ ಮುಂದಿತ್ತು.

ಇದರ ಗುಟ್ಟು ಸರಳ. ಬಸ್ಸು ಬ್ರೇಕ್ ಹಾಕಿದಾಗ ಕಂಬಿಗೆ ತೂಗುಹಾಕಿದ ಚೀಲ ಮುಂದಕ್ಕೆ ತೂಗುವುದನ್ನು ನೋಡಿದ್ದೀರಲ್ಲವೆ? ಸಂವೇದಕದೊಳಗೂ ಅತಿ ಸೂಕ್ಷ್ಮ ಸಿಲಿಕಾನ್ ಸ್ಪ್ರಿಂಗುಗಳಿಗೆ ಅಂಟಿದ ಪುಟ್ಟ ತೂಕವೊಂದಿರುತ್ತದೆ. ಯಂತ್ರ ವಾಲಿದರೆ ಗುರುತ್ವದಿಂದ ಅದು ಕೊಂಚ ಸರಿಯುತ್ತದೆ. ಆಗ ಪಕ್ಕದ ಫಲಕಗಳ ನಡುವಿನ ಅಂತರ ಬದಲಾಗಿ, ಕೆಪಾಸಿಟರ್ ಹಿಡಿಯುವ ವಿದ್ಯುದಂಶವೂ ಬದಲಾಗುತ್ತದೆ. ಎತ್ತ ವಾಲಿತೆಂಬುದು ಯಂತ್ರಕ್ಕೆ ತಿಳಿಯುವುದು ಹೀಗೆ.

ಇಷ್ಟಿದ್ದೂ ಮಾರಾಟವಾದದ್ದು ಕೆಲವೇ ಸಾವಿರ. ಭೂ ದಾಖಲೆಯ ಕೆಲಸಕ್ಕೆ ಕರ್ನಾಟಕ ಸರ್ಕಾರ ಇದನ್ನು ಬಳಸಿದ್ದುಂಟು. ಆದರೆ ಮನೆ ಮನೆಗೆ ಅದು ತಲುಪಲಿಲ್ಲ. ಸುಮಾರು 10,000 ರೂಪಾಯಿಯಿಂದ ಆರಂಭವಾಗುವ ಬೆಲೆ ಅಂದಿನ ಕೂಲಿಕಾರನಿಗೆ ಎಟುಕುವಂತಿರಲಿಲ್ಲ; ಪೇಟೆಯವನು ಇನ್ನಷ್ಟು ಹಣ ಸೇರಿಸಿ ದೊಡ್ಡ ಕಂಪ್ಯೂಟರನ್ನೇ ಕೊಳ್ಳಬಹುದಿತ್ತು. ಹಂಚಿಕೊಳ್ಳುವ ಯಂತ್ರಕ್ಕಿಂತ ತನ್ನದೇ ಜೇಬಿನಲ್ಲಿರುವ, ಮಾತಾಡಲು ಬರುವ ಯಂತ್ರವೇ ಜನಕ್ಕೆ ಬೇಕಾಗಿತ್ತು.

ಅಂಥದೊಂದು 2003ರಲ್ಲೇ ಬಂದಿತ್ತು: ನೋಕಿಯಾ 1100. ಕ್ಯಾಮೆರಾ ಇಲ್ಲ, ಬಣ್ಣದ ಪರದೆಯೂ ಇಲ್ಲ. ಇದ್ದದ್ದು ದೂಳು ಹೊಗದ ಕೀಲಿಮಣೆ ಮತ್ತು ತುದಿಯಲ್ಲೊಂದು ಪುಟ್ಟ ಟಾರ್ಚು. ಮಂಡಿಸಿದ ದಿನ ಬೆರಗಾಗುವಂಥದ್ದೇನೂ ಅದರಲ್ಲಿರಲಿಲ್ಲ. ಆದರೆ ನಡುರಾತ್ರಿ ಕರೆಂಟು ಬಂತೆಂದು ಪಂಪ್‌ಸೆಟ್ ಚಾಲೂ ಮಾಡಲು ಹೋಗುವ ರೈತನಿಗೆ ಆ ಟಾರ್ಚಿನ ಬೆಲೆ ಏನೆಂದು ಸೊರಬದ ಅಡಿಕೆ ತೋಟದವರನ್ನು ಕೇಳಬೇಕು. ಜಗತ್ತಿನಾದ್ಯಂತ 25 ಕೋಟಿಯಷ್ಟು ನೋಕಿಯಾ 1100 ಫೋನುಗಳು ಮಾರಾಟವಾದವು.

ಹಾಗೆಂದು ಸಿಂಪ್ಯೂಟರನ್ನು ಹೀಗಳೆಯುವಂತಿಲ್ಲ. ಅದರ ವಿಜ್ಞಾನ ಸರಿಯಾಗಿಯೇ ಇತ್ತು. ಪರದೆಯ ಬರಹ ಓದುವ ತಂತ್ರಾಂಶ, ವಾಲಿಕೆ ತಿಳಿಯುವ ಸಂವೇದಕ ಎರಡೂ ಇಂದು ಎಲ್ಲರ ಫೋನಿನಲ್ಲಿವೆ. ಪ್ರಕಟಣೆಯ ದಿನ ಜನ ಮೆಚ್ಚುವುದು ಯಂತ್ರದ ಗುಣವನ್ನು. ಹಣ ಕೊಟ್ಟು ಕೊಳ್ಳುವುದು ತಮ್ಮ ಅಗತ್ಯವನ್ನು. ಇವೆರಡೂ ಒಂದೇ ಆಗಬೇಕಿಲ್ಲ.

ವಿದ್ಯಾರ್ಥಿಗಳೇ, ಮುಂದಿನ ಸಲ ಹೊಸ ಫೋನಿನ ಸುದ್ದಿ ಬಂದಾಗ ಒಂದು ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ಕಂಪೆನಿ ಹೇಳುವ ಗುಣಗಳನ್ನು ಬರೆಯಿರಿ. ಈಗಿರುವ ಫೋನಿನಿಂದ ಆಗದ, ನಿಮಗೆ ನಿಜಕ್ಕೂ ಬೇಕಾದ ಕೆಲಸಗಳನ್ನು ಬಲಕ್ಕೆ ಬರೆಯಿರಿ. ಎರಡೂ ಕಡೆ ಹೊಂದುವ ಸಾಲುಗಳೆಷ್ಟು ಎಣಿಸಿ. ತಂದೆತಾಯಿಯರೂ ಜೊತೆಗೆ ಕುಳಿತು ಎಣಿಸಲಿ. ಒಂದೂ ಹೊಂದದಿದ್ದರೆ ಆ ವರ್ಷದ ಮೆಕ್ಕೆಜೋಳದ ಹಣ ಉಳಿಯಿತೆಂದೇ ಲೆಕ್ಕ.