ಒಂದೇ ಗುಹೆಯ ಬಾವಲಿ

ಈಚೆಗೆ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಒಂದು ಜೇಡದ ಫೋಟೋ ಬಂತು. ಅಮೆರಿಕದ ಒರೆಗಾನ್ ರಾಜ್ಯದ ಗುಹೆಗಳಲ್ಲಿ ಸಿಕ್ಕಿದ್ದು, ಹೆಸರು ಟ್ರಾಗ್ಲೊರಾಪ್ಟರ್. ಕಾಲಿನ ತುದಿಯಲ್ಲಿ ಕೊಕ್ಕೆಯಂಥ ಉಗುರು. 2012ರಲ್ಲಿ ವಿಜ್ಞಾನಿಗಳು ಅದನ್ನು ವಿವರಿಸಿದಾಗ ಆಗಿನ ಯಾವ ಜೇಡ ಕುಟುಂಬಕ್ಕೂ ಸೇರಿಸಲಾಗದೆ ಹೊಸ ಕುಟುಂಬವನ್ನೇ ಮಾಡಬೇಕಾಯ್ತು. "ಇಂಥದ್ದೆಲ್ಲ ಅಲ್ಲೇ ಸಿಗೋದು ಮಗಾ, ನಮ್ಮಲ್ಲಿ ಏನಿದೆ?" ಅಂತ ಒಬ್ಬ ಬರೆದ. ಕೋಲಾರ ಜಿಲ್ಲೆಯವನಾದ ನನಗೆ ಸುಮ್ನಿರೋಕೆ ಆಗ್ಲಿಲ್ಲ. ಯಾಕಂದ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಒಂದು ಗುಹೆವಾಸಿ ನಮ್ಮ ಜಿಲ್ಲೆಯಲ್ಲೇ ಇದೆ. ಅದು ಜೇಡ ಅಲ್ಲ, ಬಾವಲಿ.

ಬಾವಲಿ ಅಂದ ಕೂಡಲೆ ಮುಖ ಸಿಂಡರಿಸಬೇಡಿ. ಕೆಜಿಎಫ್‌ನಲ್ಲಿ ನಾವು ಬೆಳೆದದ್ದೇ ಮೂರು ಭಾಷೆಗಳಲ್ಲಿ. ಒಂದು ಮನೆಯಲ್ಲಿ ವೌವಾಲ್, ಪಕ್ಕದ ಮನೆಯಲ್ಲಿ ಗಬ್ಬಿಲಂ, ನಮ್ಮನೆಯಲ್ಲಿ ಬಾವಲಿ. ಅಪಶಕುನ ಅನ್ನೋದು ಮಾತ್ರ ಮೂರು ಮನೆಯಲ್ಲೂ ಒಂದೇ.

ಈ ಬಾವಲಿಯ ಹೆಸರು ಕೋಲಾರದ ಎಲೆಮೂಗಿನ ಬಾವಲಿ. ಮೂಗಿನ ಮೇಲೆ ಎಲೆಯ ಆಕಾರದ ಚರ್ಮದ ಮಡಿಕೆ ಇರುತ್ತೆ. ಶಬ್ದ ಹೊರಡೋದು ಮೂಗಿನಿಂದ, ಆ ಎಲೆ ಶಬ್ದವನ್ನು ಬೇಕಾದ ಕಡೆಗೆ ತಿರುಗಿಸುತ್ತೆ. ಆ ಶಬ್ದ ನಮ್ಮ ಕಿವಿಗೆ ಕೇಳಿಸೋದಿಲ್ಲ. ಕತ್ತಲಲ್ಲಿ ಹಾರುವ ಹುಳಕ್ಕೆ ತಾಗಿ ವಾಪಸ್ ಬಂದ ಪ್ರತಿಧ್ವನಿಯಿಂದಲೇ ಇದು ಬೇಟೆ ಹಿಡಿಯುತ್ತೆ. ಹಣ್ಣು ತಿನ್ನುವ ದೊಡ್ಡ ಬಾವಲಿ ಇದಲ್ಲ. ಚಿಕ್ಕದು, ಹುಳ ತಿನ್ನುವಂಥದ್ದು.

1994ರಲ್ಲಿ ಡೀಟರ್ ಕಾಕ್ ಮತ್ತು ಎಚ್. ಆರ್. ಭಟ್ ಇದನ್ನು ಹೊಸ ಜಾತಿ ಅಂತ ವಿವರಿಸಿದರು. ಇಟ್ಟ ಹೆಸರು ಹಿಪ್ಪೊಸಿಡೆರೊಸ್ ಹೈಪೊಫಿಲ್ಲಸ್. ಹೈಪೊ ಅಂದ್ರೆ ಕೆಳಗೆ, ಫಿಲ್ಲಸ್ ಅಂದ್ರೆ ಎಲೆ. ಹೊಸ ಜಾತಿಯನ್ನು ವಿವರಿಸೋದು ಅಂದ್ರೆ "ಸಿಕ್ತು!" ಅಂತ ಕೂಗೋದಲ್ಲ. ಮುಂಗೈ ಮೂಳೆ, ಕಿವಿ, ತಲೆಬುರುಡೆ, ಹಲ್ಲು ಎಲ್ಲವನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬೇಕು. ಈಗಾಗಲೇ ಗೊತ್ತಿರುವ ಹತ್ತಿರದ ಜಾತಿಗಳ ಮಾದರಿಗಳ ಪಕ್ಕ ಇಟ್ಟು, ಇದು ಎಲ್ಲಿ ಬೇರೆ ಅಂತ ತೋರಿಸಬೇಕು. ಒಂದು ಮಾದರಿಯನ್ನು ಮ್ಯೂಸಿಯಂನಲ್ಲಿ ಶಾಶ್ವತವಾಗಿ ಇಡಬೇಕು. ಮುಂದೆ ಯಾರಿಗಾದರೂ ಅನುಮಾನ ಬಂದರೆ ಅದನ್ನೇ ತೆಗೆದು ನೋಡಬೇಕು. ನಾವು ಕೋಡ್ ರಿವ್ಯೂ ಅಂತ ಮಾಡೋದು ಇದರ ಮುಂದೆ ಮಕ್ಕಳಾಟ.

ಹೆಸರಿಟ್ಟಾಗ ಇದು ಇದ್ದದ್ದು ಎರಡು ಕಡೆ, ತೇರಹಳ್ಳಿ ಮತ್ತು ಹನುಮನಹಳ್ಳಿ. ಎರಡೂ ನಮ್ಮ ಜಿಲ್ಲೆಯವೇ. ಆಮೇಲೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಿ. ಶ್ರೀನಿವಾಸುಲು ಮತ್ತು ಸಂಗಡಿಗರು ಹುಡುಕಿಕೊಂಡು ಬಂದಾಗ ತೇರಹಳ್ಳಿಯಲ್ಲಿ ಸಿಗಲಿಲ್ಲ. ಉಳಿದದ್ದು ಹನುಮನಹಳ್ಳಿಯ ಒಂದೇ ಗುಹೆ. ಅಲ್ಲಿ ಇರೋದು 200ಕ್ಕಿಂತ ಕಡಿಮೆ ಅನ್ನೋ ಅಂದಾಜು. ಮಧ್ಯಪ್ರದೇಶದ ಜಬಲ್ಪುರದಿಂದ ಮೊದಲು ವರದಿಯಾದ ದುರ್ಗಾದಾಸ್ ಎಲೆಮೂಗಿನ ಬಾವಲಿಯೂ ಹನುಮನಹಳ್ಳಿಯಲ್ಲಿ ಸಿಕ್ಕಿದೆ, ಅದೂ ಅಪರೂಪದ್ದೇ.

ಒಂದೇ ಸರ್ವರ್, ಬ್ಯಾಕಪ್ ಇಲ್ಲ. ನಮ್ಮ ಕೆಲಸದಲ್ಲಿ ಹೀಗಿದ್ರೆ ರಾತ್ರಿ ನಿದ್ದೆ ಬರಲ್ಲ. ಜೊತೆಗೆ ಈ ಜಾತಿಯ ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕೋದು. ಒಂದು ಸಲ ಸಂಖ್ಯೆ ಕುಸಿದರೆ ಬೇಗ ಏರಲ್ಲ.

ಅಪಾಯ ಬಂದದ್ದು ಕಲ್ಲಿನಿಂದ. ಗುಹೆ ಇರೋದು ಗ್ರಾನೈಟ್ ಬಂಡೆಗಳ ನಡುವೆ, ಗ್ರಾನೈಟ್‌ಗೆ ಒಳ್ಳೆ ಬೆಲೆ ಇದೆ. ಸುತ್ತ ಅಕ್ರಮ ಗಣಿಗಾರಿಕೆ ನಡೀತು. ಬಂಡೆ ಸಿಡಿಸಿದ್ರೆ ಗುಹೆಯ ಗೋಡೆ ನಡುಗುತ್ತೆ, ಬಾಯಿ ಮುಚ್ಚಿಹೋದರೂ ಹೋಯ್ತು. ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟ್‌ನ ರಾಜೇಶ್ ಪುಟ್ಟಸ್ವಾಮಯ್ಯ ಮತ್ತು ಜೊತೆಗಾರರು ಅರಣ್ಯ ಇಲಾಖೆಯ ಬೆನ್ನು ಬಿದ್ದು, ಹಳ್ಳಿಯವರ ಜೊತೆ ಕೂತು ಮಾತಾಡಿ ಕೆಲಸ ಮಾಡಿದರು. ಕೊನೆಗೆ ಗುಹೆಯ ಸುತ್ತಲ 30 ಎಕರೆಯನ್ನು ಸರ್ಕಾರ ಸಂರಕ್ಷಿತ ಅಂತ ಘೋಷಿಸಿತು. ಆಗ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಇದ್ದದ್ದು ಎರಡೇ ಬಾವಲಿ, ಕೋಲಾರದ್ದು ಅದರಲ್ಲಿ ಇರಲಿಲ್ಲ. 1994ರಲ್ಲಿ ಇಬ್ಬರು ಕೂತು ಅಳತೆ ಮಾಡಿ ಹೆಸರಿಡದೇ ಇದ್ದಿದ್ರೆ ಈ 30 ಎಕರೆಯನ್ನು ಯಾರ ಹೆಸರಿನಲ್ಲಿ ಕೇಳೋದು?

ಈ ಕಥೆಯನ್ನು ಒಂದು ಸಂಜೆ ಬೆಂಗಳೂರಿನಿಂದ ಮಾರಿಕುಪ್ಪಂಗೆ ಹೋಗೋ ರೈಲಿನಲ್ಲಿ, ದಿನಾ ಎದುರಿಗೆ ಕೂರುವ ಹಿರಿಯರೊಬ್ಬರಿಗೆ ಹೇಳ್ದೆ. ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು, ಈಗ ಸೆಕ್ಯುರಿಟಿ ಕೆಲಸ. ಪೂರ್ತಿ ಕೇಳಿಸಿಕೊಂಡು, "ಅಲ್ಲಪ್ಪಾ, 2001ರಲ್ಲಿ ನಮ್ ಗಣಿ ಮುಚ್ಚಿದಾಗ ಮನುಷ್ರನ್ನೇ ಯಾರೂ ಕೇಳ್ಲಿಲ್ಲ. ಬಾವಲಿಗೆ 30 ಎಕ್ರೆನಾ?" ಅಂದ್ರು.

"ಅಂಕಲ್, ಆ 30 ಎಕರೆ ಕಲ್ಲು ಒಡೆದಿದ್ರೆ ದುಡ್ಡು ನಮ್ಮೂರಿಗೆ ಬರ್ತಿತ್ತಾ?" ಅಂದೆ.

ಅವರು ನಕ್ಕರು. ಕೋಪದ ನಗುವೋ ಅಲ್ಲವೋ ತಿಳೀಲಿಲ್ಲ. ಅವರ ಮಾತಲ್ಲಿ ಸತ್ಯ ಇದೆ. 3 ಕಿಲೋಮೀಟರ್‌ಗೂ ಹೆಚ್ಚು ಆಳ ಇಳಿದು ಚಿನ್ನ ತೆಗೆದವರ ಮಕ್ಕಳು ಇವತ್ತು ಬೆಳಗಿನ ಜಾವ ಎದ್ದು ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ದುಡೀತಾರೆ. ನಾನೂ ಅವರಲ್ಲೊಬ್ಬ. ಆದರೆ ಆ ಅನ್ಯಾಯ ಮಾಡಿದ್ದು ಬಾವಲಿ ಅಲ್ಲ. ಚಿನ್ನ ತೆಗೆಯೋ ಖರ್ಚು ಚಿನ್ನದ ಬೆಲೆ ಮೀರಿದ ಮೇಲೆ, ಆಮೇಲೇನು ಅಂತ ಯೋಚಿಸದೆ ಬಾಗಿಲು ಹಾಕಿದವರ ಲೆಕ್ಕ ಅದು. ಹನುಮನಹಳ್ಳಿಯ ಹುಡುಗರಿಗೆ ಗುಹೆ ಕಾಯೋ ಕೆಲಸವನ್ನೇ ಸಂಬಳಕ್ಕೆ ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ. ಬಾಯಿ ಮಾತಿನ ಜಾಗೃತಿಯಿಂದ ಯಾರ ಹೊಟ್ಟೆಯೂ ತುಂಬಲ್ಲ.

ವಾಟ್ಸಾಪ್ ಗುಂಪಿನಲ್ಲಿ ಇದನ್ನೆಲ್ಲ ಬರೆದ ಮೇಲೆ ಬಂದ ಮೊದಲ ಉತ್ತರ: "ಸೂಪರ್! ಲೊಕೇಶನ್ ಕಳ್ಸು, ವೀಕೆಂಡ್ ಹೋಗೋಣ." ಕಳಿಸಲಿಲ್ಲ. ಟಾರ್ಚ್ ಬೆಳಕು, ಗಲಾಟೆ, ಮರಿ ಹಾಕುವ ಕಾಲದಲ್ಲಿ ಒಳಗೆ ನುಗ್ಗೋ ಜನ, ಇವೂ ಡೈನಮೈಟ್‌ನ ತಮ್ಮಂದಿರೇ. ಗುಹೆ ನೋಡೋ ಆಸೆ ಇದ್ದರೆ ಅಂತರಗಂಗೆಗೆ ಬನ್ನಿ ಅಂದೆ. ಬಸವಣ್ಣನ ಬಾಯಿಂದ ಬೀಳೋ ನೀರು ಕುಡಿದು, ಬಂಡೆಗಳ ಸಂದಿಯಲ್ಲಿ ನುಸುಳಿ ಬರೋಣ. ಭಾನುವಾರ ಆರು ಜನ ಬರ್ತಿದ್ದಾರೆ.