ಬೆಟ್ಟದ ಕೆಳಗೆ ಊರಿನದೇ ಒಂದು ಲಾಡ್ಜ್ ಬೇಕು

ಭಾನುವಾರ ನಮ್ಮ ರಸ್ತೆ ಬದಿ ನಿಂತು ಕೊಡಚಾದ್ರಿಗೆ ಹೋಗುವ ಜೀಪುಗಳನ್ನು ಎಣಿಸಿ ನೋಡಿ. ನಾನೂ ತಮ್ಮನೂ ಎಣಿಸಲು ಹೋಗಿ ಲೆಕ್ಕ ತಪ್ಪಿತು. ಇಷ್ಟು ಜನ ಬಂದು ಹೋದ ಮೇಲೆ ಊರಿಗೆ ಏನು ಉಳಿಯುತ್ತೆ? ಧೂಳು, ಖಾಲಿ ಬಾಟಲಿ, ಚಿಪ್ಸ್ ಪ್ಯಾಕೆಟ್ಟು.

ಜೀಪಿನವರಿಗೆ ಬಾಡಿಗೆ ಸಿಗುತ್ತೆ, ಇಲ್ಲ ಅನ್ನಲ್ಲ. ನಮ್ಮ ದೊಡ್ಡಪ್ಪನೂ ಜೀಪು ಓಡಿಸ್ತಾರೆ. ಆದರೆ ಬಂದವರು ಉಣ್ಣುವುದು, ಮಲಗುವುದು ಹೊರಗಿನವರು ಕಟ್ಟಿದ ರೆಸಾರ್ಟುಗಳಲ್ಲಿ. ಅದರಲ್ಲಿ ಒಂದು ಇರುವ ಜಾಗ ಮೊದಲು ನಮ್ಮ ಅಜ್ಜನ ತೋಟ. ಅಕ್ಕನ ಮದುವೆ ಸಾಲಕ್ಕೆ ಮಾರಿದರು. ಈಗ ನಮ್ಮಣ್ಣ ಅಲ್ಲೇ ತಟ್ಟೆ ತೊಳೆಯುತ್ತಾನೆ. ಅಜ್ಜ ನೆಟ್ಟ ಹಲಸಿನ ಮರದಿಂದ ಒಂದು ಹಣ್ಣು ಬೇಕಾದರೂ ಕೇಳಿಯೇ ತರಬೇಕು.

ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ ಮೇಷ್ಟ್ರು ನೇಪಾಳದ ಮ್ಯಾಗ್ದಿ ಜಿಲ್ಲೆಯ ವಿಷಯ ಹೇಳಿದರು. ಅಲ್ಲಿ ನಾಂಗಿ ಅಂತ ಹಳ್ಳಿ. ಆ ಊರಿನ ಮಹಾಬೀರ್ ಪುನ್ ಅಮೆರಿಕದಲ್ಲಿ ಓದಿ, ವಾಪಸ್ ಊರಿಗೇ ಬಂದು ಶಾಲೆಗಾಗಿ ದುಡಿದರು. ಬೆಟ್ಟದ ಹಳ್ಳಿಗಳಿಗೆ ತಂತಿಯಿಲ್ಲದ ಇಂಟರ್ನೆಟ್ ತಂದದ್ದಕ್ಕೆ 2007ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನನಗೆ ಅದಕ್ಕಿಂತ ಹಿಡಿಸಿದ್ದು ಲಾಡ್ಜಿನ ವಿಷಯ. ಆ ಕಡೆಯ ಮೊಹರೆ ಡಾಂಡಾ, ಖೋಪ್ರಾ ಡಾಂಡಾ ಎಂಬ ಗುಡ್ಡಗಳ ಮೇಲೆ ಊರವರದೇ ಲಾಡ್ಜ್‌ಗಳಿವೆ. ಎರಡೂ 3,000 ಮೀಟರಿಗಿಂತ ಎತ್ತರ. (ನಮ್ಮ ಕೊಡಚಾದ್ರಿ 1,343 ಮೀಟರ್.) ಅಲ್ಲಿಂದ ಧವಳಗಿರಿ ಕಾಣುತ್ತಂತೆ. ಆ ಲಾಡ್ಜಿಗೆ ಒಬ್ಬ ಯಜಮಾನ ಅಂತ ಇಲ್ಲ, ಊರವರೇ ಸೇರಿ ನಡೆಸುತ್ತಾರೆ. ಲಾಭದ ಹಣ ಹಳ್ಳಿಯ ಶಾಲೆಗಳಿಗೆ ಹೋಗುತ್ತೆ. ಯಾರೋ ಪ್ರವಾಸಿ ಒಂದು ರಾತ್ರಿ ಮಲಗಿ ಎದ್ದರೆ ಶಾಲೆಗೆ ದುಡ್ಡು! ಮೇಷ್ಟ್ರು ಹೇಳುವಾಗ ನಾನು ನಮ್ಮ ಐದನೇ ಕ್ಲಾಸಿನ ಸೋರುವ ಮಾಡನ್ನೇ ನೆನೆಸಿಕೊಳ್ಳುತ್ತಿದ್ದೆ.

ನಮ್ಮಲ್ಲೂ ಇದನ್ನು ಮಾಡಬೇಕು ಅಂತ ನನ್ನ ಅಭಿಪ್ರಾಯ. ಆದರೆ ಬೆಟ್ಟದ ಮೇಲೆ ಬೇಡ. ಅದು ಮೂಕಾಂಬಿಕಾ ವನ್ಯಜೀವಿ ಧಾಮದ ಕಾಡು, ಸಿಂಗಳೀಕಗಳ ಮನೆ. ಕೆಳಗೆ ಊರಲ್ಲೇ ಸಾಕು. ನಾಲ್ಕೇ ಕೋಣೆ ಇರಲಿ, ಯಾಕೆಂದರೆ ಏಪ್ರಿಲ್‌ನಲ್ಲಿ ನಮ್ಮ ಬಾವಿಗೇ ನೀರು ಸಾಲಲ್ಲ. ಊಟಕ್ಕೆ ಕಡುಬು, ಪತ್ರೊಡೆ, ಅಪ್ಪೆಮಿಡಿ ಉಪ್ಪಿನಕಾಯಿ. ಪೇಟೆಯಿಂದ ತರಿಸುವ ತಿಂಡಿ ಬೇಡವೇ ಬೇಡ, ಆ ಪ್ಯಾಕೆಟ್ ಮತ್ತೆ ನಮ್ಮ ಹೊಳೆಗೇ ಬರುತ್ತೆ.

ಅಪ್ಪನ ಹತ್ರ ಹೇಳಿದೆ. ಅಪ್ಪ ನಕ್ಕು, "ಗಣಪತಿ ಹಬ್ಬದ ವಂತಿಗೆ ಲೆಕ್ಕವನ್ನೇ ಇನ್ನೂ ಕೊಟ್ಟಿಲ್ಲ. ಲಾಡ್ಜಿನ ಲೆಕ್ಕ ಯಾರು ಕೊಡ್ತಾರೆ?" ಅಂದರು. ಅದೂ ನಿಜ. ಎರಡು ದಿನ ನಾನು ಸುಮ್ಮನಾದೆ. ಆಮೇಲೆ ಹೊಳೆಯಿತು: ಪ್ರತಿ ತಿಂಗಳ ಲೆಕ್ಕವನ್ನು ಈ ಗೋಡೆ ಪತ್ರಿಕೆ ಪಕ್ಕದಲ್ಲೇ ಅಂಟಿಸಲಿ. ಕೂಡಿಸಿ ನೋಡಲು ಏಳನೇ ಕ್ಲಾಸಿನವರು ನಾವಿದ್ದೇವಲ್ಲ.

ಈ ಸಲ ಮಕ್ಕಳ ಗ್ರಾಮಸಭೆಯಲ್ಲಿ ನಾನು ಇದನ್ನು ಕೇಳುತ್ತೇನೆ. ಒಬ್ಬಳೇ ಎದ್ದು ನಿಲ್ಲಲು ಹೆದರಿಕೆ. ಜೊತೆಗೆ ಬರುವವರು ಕೆಳಗೆ ಜಾಗ ಬಿಟ್ಟಿದ್ದೇನೆ, ಹೆಸರು ಬರೆಯಿರಿ.