ಪರಿಮಳದ ಆಯ್ಕೆಯೂ ಆಚಾರವೇ

ಪಂಚೇಂದ್ರಿಯಗಳಲ್ಲಿ ಮೂಗಿಗೆ ಇರುವಷ್ಟು ಅಸಹಾಯಕತೆ ಬೇರಾವ ಇಂದ್ರಿಯಕ್ಕೂ ಇಲ್ಲ. ನೋಡಬಾರದ್ದು ಎದುರಿಗೆ ಬಂದರೆ ಕಣ್ಣು ಮುಚ್ಚಬಹುದು. ರುಚಿಸದ್ದನ್ನು ನಾಲಗೆಯಿಂದ ದೂರವಿಡಬಹುದು. ಮೂಗನ್ನು ಮಾತ್ರ ಉಸಿರಿರುವ ತನಕ ಮುಚ್ಚುವಂತಿಲ್ಲ. ಪಕ್ಕದಲ್ಲಿ ಕುಳಿತವರು ಏನನ್ನು ಪೂಸಿಕೊಂಡು ಬಂದಿದ್ದಾರೋ ಅದನ್ನು ಬೇಕಿರಲಿ ಬೇಡವಿರಲಿ ಉಸಿರಿನೊಡನೆ ನಾವು ಒಳಗೆ ತೆಗೆದುಕೊಳ್ಳಲೇಬೇಕು. ಆದುದರಿಂದ ಸುಗಂಧದ್ರವ್ಯವನ್ನು ಆರಿಸಿಕೊಳ್ಳುವುದು ಅಂಗಿಯ ಬಣ್ಣವನ್ನೋ ಕೈಗಡಿಯಾರವನ್ನೋ ಆರಿಸಿಕೊಂಡಷ್ಟು ಸ್ವಂತದ ವಿಷಯವಲ್ಲವೆಂಬುದು ನಮ್ಮ ಅಭಿಮತ.

ಮಠಕ್ಕೆ ಬರುವ ಕಾಲೇಜಿನ ಮಕ್ಕಳು ಈಚೆಗೆ ಸಂಕೋಚವಿಲ್ಲದೆ ಕೇಳುತ್ತಾರೆ: "ಬುದ್ಧೀ, ನಮ್ಮ ವ್ಯಕ್ತಿತ್ವಕ್ಕೆ ಒಪ್ಪುವ ಸೆಂಟು ಯಾವುದು?" ಕಾವಿ ತೊಟ್ಟವರಲ್ಲಿ ಕೇಳುವ ಮಾತೇ ಇದು ಎಂದು ಪಕ್ಕದಲ್ಲಿದ್ದ ಹಿರಿಯರು ಮುಸಿಮುಸಿ ನಗುತ್ತಾರೆ. ನಗುವಂಥದ್ದೇನೂ ಇದರಲ್ಲಿಲ್ಲ. ನಮ್ಮ ಹಿಂದಿನವರು ಗಂಧವನ್ನು ಶಾಸ್ತ್ರವನ್ನಾಗಿಯೇ ಓದಿದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆ ಒಂದು ಅಧ್ಯಾಯವೇ ಮೀಸಲು. ಕ್ರಿ.ಶ. ೧೦೨೫ರ ಸುಮಾರಿಗೆ ಕನ್ನಡದಲ್ಲಿಯೇ 'ಲೋಕೋಪಕಾರ'ವನ್ನು ಬರೆದ ಚಾವುಂಡರಾಯನು ಕೃಷಿ, ಅಡಿಗೆ, ಜಲಶೋಧನೆಗಳ ಜೊತೆಗೆ ಸುಗಂಧ ತಯಾರಿಕೆಯನ್ನೂ ಹೇಳಿದನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೈಗೆ ಗಂಧ ಪೂಸಿಕೊಳ್ಳುವ ವಿಲೇಪನವೂ ಅರಸನ ಉಪಭೋಗಗಳಲ್ಲಿ ಒಂದು.

ಆದರೆ ಅವರು ಕೇಳಿದ ಪ್ರಶ್ನೆ ಬೇರೆ. ಚರಕಸಂಹಿತೆಯ ಋತುಚರ್ಯೆಯನ್ನು ನೋಡಿರಿ. ಹೇಮಂತದ ಚಳಿಯಲ್ಲಿ ಅಗರುವನ್ನು ದಟ್ಟವಾಗಿ ಲೇಪಿಸಿಕೊಳ್ಳಬೇಕು, ಗ್ರೀಷ್ಮದ ಬೇಗೆಯಲ್ಲಿ ಚಂದನವನ್ನು ಲೇಪಿಸಿಕೊಳ್ಳಬೇಕು ಎಂದು ಅಲ್ಲಿದೆ. ಕಾಲ ಯಾವುದು, ದೇಹಕ್ಕೆ ಏನು ಹಿತ ಎಂದು ಆ ವೈದ್ಯರು ಕೇಳಿದರೇ ಹೊರತು, ನೀನು ಗಂಭೀರ ಸ್ವಭಾವದವನೋ ಸಾಹಸಿಯೋ ಎಂದು ಕೇಳಲಿಲ್ಲ. ಇಂದಿನ ಜಾಹೀರಾತುಗಳು ಕೇಳುವುದೇ ಅದನ್ನು. ಗಂಭೀರರಿಗೆ ಚಂದನ, ಚಟುವಟಿಕೆಯವರಿಗೆ ನಿಂಬೆ, ಪ್ರೇಮಿಗಳಿಗೆ ಗುಲಾಬಿ, ಅಧಿಕಾರ ನಡೆಸುವವರಿಗೆ ಊದು ಎಂಬ ಕೋಷ್ಟಕಗಳನ್ನು ನಾವೂ ಕಂಡಿದ್ದೇವೆ. ಬೆಳಗಿನಿಂದ ಸಂಜೆಯೊಳಗೆ ಮನುಷ್ಯನ ಮನಸ್ಸು ಎಷ್ಟು ಬಾರಿ ತಿರುಗುತ್ತದೆಂಬುದು ಅವನವನಿಗೇ ಗೊತ್ತು. ಅಂಥವನನ್ನು ಒಂದು ಶೀಶೆಯೊಳಗೆ ಹಿಡಿದಿಡುವುದೆಂತು? ಗುಲಾಬಿ ಹೆಣ್ಣಿಗೆ, ಮರದ ವಾಸನೆ ಗಂಡಿಗೆ ಎಂಬ ವಿಂಗಡಣೆಯೂ ವ್ಯಾಪಾರದ ಅನುಕೂಲಕ್ಕಾಗಿ ಹುಟ್ಟಿದ್ದು. ಅರಬ್ ನಾಡಿನ ಗಂಡಸರು ಗುಲಾಬಿಯ ಅತ್ತರನ್ನು ಇಂದಿಗೂ ಹಚ್ಚುತ್ತಾರೆ. ನಮ್ಮಲ್ಲಿ ಗಂಧ ತೇಯುವ ಸಾಣೆಕಲ್ಲು ಗಂಡು ಹೆಣ್ಣೆಂದು ನೋಡಿದ್ದುಂಟೇ?

ಹಾಗಾದರೆ ಒಬ್ಬರಿಗೆ ಒಪ್ಪಿದ ಪರಿಮಳ ಇನ್ನೊಬ್ಬರಿಗೆ ಒಪ್ಪದಿರುವುದು ಸುಳ್ಳೇ? ಅದು ಸುಳ್ಳಲ್ಲ. ಆದರೆ ಒಪ್ಪುವುದು ಮೊದಲು ಚರ್ಮಕ್ಕೆ, ಆಮೇಲೆ ಸ್ವಭಾವಕ್ಕೆ. ದವನದ ಹುಣ್ಣಿಮೆಯಂದು ದೇವರಿಗೆ ಏರಿಸುವ ದವನವನ್ನು ನೀವೆಲ್ಲ ಬಲ್ಲಿರಿ. ಕರ್ನಾಟಕ, ಆಂಧ್ರ, ತಮಿಳುನಾಡುಗಳಲ್ಲಿ ಬೆಳೆಯುವ ಈ ಸಣ್ಣ ಗಿಡದ ತೈಲವು ಮೈಯಿಂದ ಮೈಗೆ ಬೇರೆಯಾಗಿಯೇ ಕಂಪು ಬಿಡುತ್ತದೆಂದು ಗಂಧಿಗರು ಹೇಳುತ್ತಾರೆ. ತೈಲಾಂಶವುಳ್ಳ ಚರ್ಮದ ಮೇಲೆ ಕಂಪು ಹೆಚ್ಚು ಹೊತ್ತು ನಿಲ್ಲುತ್ತದೆ; ಒಣಚರ್ಮದಿಂದ ಬೇಗ ಹಾರುತ್ತದೆ. ಸ್ನಾನವಾದ ಮೇಲೆ ತುಸು ಕೊಬ್ಬರಿ ಎಣ್ಣೆ ಸವರಿ ಹಚ್ಚಿದರೆ ಒಣಮೈಯವರಿಗೂ ಅದೇ ಶೀಶೆ ಎರಡು ಪಟ್ಟು ಬಂದೀತು.

ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಸಿಂಪಡಿಸಿ ಮೂಗಿಗೆ ಹಿಡಿಯುತ್ತಾರೆ. ಕೂಡಲೇ ನಿಂಬೆ ಕಿತ್ತಳೆಗಳ ಚುರುಕಾದ ವಾಸನೆ ಬರುತ್ತದೆ, ಮನಸ್ಸು ಮಾರುಹೋಗುತ್ತದೆ, ಹಣ ಎಣಿಸುತ್ತೇವೆ. ಆ ಮೊದಲ ಪದರ ಕಾಲು ಗಂಟೆಯ ಅತಿಥಿ. ಅದು ಹಾರಿದ ಮೇಲೆ ಹೂಗಳ ನಡುವಣ ಪದರ ಬರುತ್ತದೆ. ಅದೂ ಕೆಲವು ಗಂಟೆಗಳಲ್ಲಿ ಇಳಿದ ಮೇಲೆ ಚಂದನ, ಲಾವಂಚ, ಕಸ್ತೂರಿಯನ್ನು ಹೋಲುವ ದ್ರವ್ಯಗಳ ಅಡಿಪದರ ಉಳಿಯುತ್ತದೆ. ನೀವು ದಿನವಿಡೀ ಹೊತ್ತು ತಿರುಗುವುದು ಈ ಕಡೆಯದನ್ನು. ವರನ ಬೆಳಗಿನ ಉಡುಪನ್ನು ನೋಡಿ ಸಂಬಂಧ ನಿಶ್ಚಯಿಸುವವರಿದ್ದಾರೆಯೇ? ಅಂತೆಯೇ ಮುಂಗೈಗೆ ಒಂದು ಹನಿ ಹಚ್ಚಿಕೊಂಡು ಮನೆಗೆ ಹೋಗಿ, ಉಂಡು, ಕೆಲಸ ಮಾಡಿ, ಸಂಜೆಗೆ ಮೂಸಿ ನೋಡಿ. ಆಗಲೂ ಹಿತವೆನಿಸಿದರೆ ಮರುದಿನ ಕೊಳ್ಳಿ. ಒಂದೇ ಸಲ ಏಳೆಂಟನ್ನು ಮೂಸಿದರೆ ಮೂಗಿಗೆ ವಿವೇಕ ತಪ್ಪುತ್ತದೆ; ಎರಡು ಮೂರಕ್ಕೆ ನಿಲ್ಲಿಸುವುದು ಲೇಸು. ತುರಿಕೆ, ಗಂಧೆಗಳಾಗುವ ಮೈಯವರು ಮೊಣಕೈಯ ಒಳಬದಿಗೆ ಹಚ್ಚಿ ಒಂದೆರಡು ದಿನ ಕಾಯಬೇಕು. ಶುದ್ಧೀಕರಿಸದ ಬರ್ಗಮಾಟ್ ಎಂಬ ನಿಂಬೆಜಾತಿಯ ತೈಲವನ್ನು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಬೀಳುವುದುಂಟು. ಹೊಲದಲ್ಲಿ, ರಸ್ತೆಯಲ್ಲಿ ದುಡಿಯುವವರು ಇದನ್ನು ತಿಳಿದಿರಬೇಕು.

ಊರ ಹವೆಯನ್ನೂ ನೋಡಬೇಕು. ರಾಯಚೂರು ಕಲಬುರಗಿಗಳ ಬೇಸಿಗೆಯಲ್ಲಿ ತಾಪಮಾನ ೪೦ ಡಿಗ್ರಿ ದಾಟುತ್ತದೆ. ಆ ಕಾವಿನಲ್ಲಿ ಊದು, ಕಸ್ತೂರಿಯಂಥ ಭಾರವಾದ ವಾಸನೆಗಳು ಉಕ್ಕಿ ಬಂದು ತಲೆ ಹಿಡಿಯುತ್ತವೆ. ಅಲ್ಲಿಗೆ ಲಾವಂಚ, ಮಲ್ಲಿಗೆ, ನಿಂಬೆಹುಲ್ಲು ಸಾಕು. ಮಡಿಕೇರಿಯ ಜಡಿಮಳೆಯಲ್ಲಿ ಅದೇ ಊದು ಹಿತವಾದೀತು.

ಹಣದ ಮಾತನ್ನೂ ಆಡಿಬಿಡೋಣ. ಶೀಶೆಯ ಮೇಲೆ 'ಪರ್ಫ್ಯೂಮ್' ಎಂದಿದ್ದರೆ ಸಾಮಾನ್ಯವಾಗಿ ನೂರಕ್ಕೆ ೧೫ರಿಂದ ೨೦ರಷ್ಟೋ ಇನ್ನೂ ಹೆಚ್ಚೋ ಗಂಧಸಾರ, 'ಕಲೋನ್' ಎಂದಿದ್ದರೆ ೨ರಿಂದ ೪ರಷ್ಟು. ಉಳಿದುದೆಲ್ಲ ಬಹುಪಾಲು ಮದ್ಯಸಾರ. ಬೆಲೆಯನ್ನು ಇದರೊಡನೆ ತೂಗಿ ನೋಡಿ. ಅತ್ತರಿನ ಮಾತು ಬೇರೆ. ಉತ್ತರಪ್ರದೇಶದ ಕನೌಜಿನಲ್ಲಿ ಈಗಲೂ ತಾಮ್ರದ ಹಂಡೆಯಲ್ಲಿ ಹೂ ನೀರುಗಳನ್ನು ತುಂಬಿ, ಬಾಯಿ ಮೆತ್ತಿ, ಕೆಳಗೆ ಉರಿ ಹಾಕಿ, ಬಿದಿರಿನ ನಳಿಗೆಯ ಮೂಲಕ ಆವಿಯನ್ನು ಚಂದನದ ಎಣ್ಣೆಯಿರುವ ಇನ್ನೊಂದು ಪಾತ್ರೆಗೆ ಇಳಿಸುತ್ತಾರೆ. ಸುಟ್ಟ ಮಣ್ಣಿನಿಂದಲೂ ಅಲ್ಲಿ ಅತ್ತರು ಇಳಿಸುತ್ತಾರೆ. ಮುಂಗಾರಿನ ಮೊದಲ ಹನಿಗೆ ನೆಲ ಬಿಡುವ ವಾಸನೆಯದು! ಆದರೆ ಚಂದನದ ಎಣ್ಣೆ ದುಬಾರಿಯಾದ ಕಾರಣ ಅನೇಕರು ಅದರ ಬದಲಿಗೆ ವಾಸನೆಯಿಲ್ಲದ ಖನಿಜತೈಲ ಬಳಸುವುದುಂಟು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಶ್ರೀಗಂಧ ಕಳಿಸುವುದು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರೂ ವಿಶ್ವೇಶ್ವರಯ್ಯನವರೂ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆಸಿದ್ದನ್ನು ಹಿರಿಯರು ಬಲ್ಲರು. ಇಂದು ಅಸಲಿ ಗಂಧದೆಣ್ಣೆ ಕಿಲೋಗೆ ಲಕ್ಷ ರೂಪಾಯಿಯನ್ನು ಮೀರಿದೆ. ನೂರು ರೂಪಾಯಿಯ ಶೀಶೆಯ ಮೇಲೆ 'ಶುದ್ಧ ಚಂದನ' ಎಂದು ಬರೆದಿದ್ದರೆ ಅದನ್ನು ನಂಬುವುದು ಹೇಗೆ? ಚಂದನವೆಂದರೆ ಪರೋಪಕಾರಕ್ಕೆ ಹುಟ್ಟಿದ ಮರವೆಂದು ನಮ್ಮಂಥವರು ವೇದಿಕೆಯ ಮೇಲೆ ಹೇಳುವುದು ರೂಢಿ. ಅದರ ಬೇರು ಅಕ್ಕಪಕ್ಕದ ಗಿಡಗಳ ಬೇರುಗಳಿಂದ ಆಹಾರ ಹೀರಿ ಬದುಕುತ್ತದೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದರ ಪರಿಮಳದಲ್ಲಿ ನೆರೆಹೊರೆಯ ಪಾಲೂ ಇದೆ.

ಇಷ್ಟು ಹೊತ್ತು ಹೇಳಿದ್ದು ಕೊಳ್ಳುವ ರೀತಿ. ನಮ್ಮನ್ನು ನೋಯಿಸುವ ಸಂಗತಿ ಇನ್ನೊಂದಿದೆ.

ಎಮ್ಮೆ ಸಾಕಿ ಹಾಲು ಮಾರಿ ಮಗನನ್ನು ಓದಿಸಿದ ತಂದೆಯೊಬ್ಬರು ಪಟ್ಟಣದ ಹಾಸ್ಟೆಲಿಗೆ ಮಗನನ್ನು ಕಾಣಲು ಹೋದರು. ಗೆಳೆಯರ ಮುಂದೆ ಕರೆದೊಯ್ಯುವ ಮುನ್ನ ಮಗನು ತಂದೆಯನ್ನು ಬಾಗಿಲ ಮರೆಗೆ ನಿಲ್ಲಿಸಿ ಮೈತುಂಬ ಸೆಂಟು ಸಿಂಪಡಿಸಿದನಂತೆ. ಅವರು ಅದನ್ನು ನಮ್ಮ ಮುಂದೆ ನಗುತ್ತಲೇ ಹೇಳಿದರು. ಆ ನಗು ನಮಗೆ ಬಹಳ ದಿನ ಮರೆಯಲಿಲ್ಲ. ಆ ಹುಡುಗನೊಬ್ಬನನ್ನೇ ದೂರಿ ಫಲವಿಲ್ಲ. ದೂರದರ್ಶನ, ಮೊಬೈಲುಗಳಲ್ಲಿ ಹಗಲಿರುಳು ಬರುವ ಜಾಹೀರಾತುಗಳು ಮಾರುವುದು ಪರಿಮಳವನ್ನಲ್ಲ, ನಾಚಿಕೆಯನ್ನು. ನಿನ್ನ ಮೈ ನಾರುತ್ತದೆ, ಅದಕ್ಕೇ ನಿನ್ನನ್ನು ಯಾರೂ ಮೆಚ್ಚುವುದಿಲ್ಲ ಎಂದು ಮೊದಲು ನಂಬಿಸಿ ಆಮೇಲೆ ಶೀಶೆ ತೋರಿಸುತ್ತಾರೆ. ಸೆಗಣಿ, ಸಾಣೆಯ ಕಬ್ಬಿಣ, ಒಲೆಯ ಹೊಗೆ, ಚರ್ಮದ ಕೆಲಸ ಇವುಗಳ ವಾಸನೆ ಹೊತ್ತವರನ್ನು ದೂರ ಕುಳ್ಳಿರಿಸಿದ ಹಳೆಯ ಪಾಪ ಈ ನಾಡಿಗೆ ಇದೆ. ಅದೀಗ ಹೊಸ ವೇಷದಲ್ಲಿ ಬರುವುದು ಬೇಡ.

ಬೆವರಿಗೆ ತನ್ನದೆಂಬ ವಾಸನೆ ಬಹುಮಟ್ಟಿಗೆ ಇಲ್ಲ. ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಅದಕ್ಕೆ ಮದ್ದು ನೀರು, ಸಾಬೂನು, ಒಗೆದ ಹತ್ತಿಬಟ್ಟೆ. ಬೆವರಿನ ಮೇಲೆ ಸೆಂಟು ಹೊಯ್ದರೆ ಎರಡೂ ಸೇರಿ ಮೂರನೆಯದೊಂದು ಆಗುತ್ತದೆ, ಅದನ್ನು ಬಸ್ಸಿನಲ್ಲಿ ಎಲ್ಲರೂ ಅನುಭವಿಸಿದ್ದೇವೆ. ಇನ್ನೊಂದು ವಿಚಿತ್ರ ಕೇಳಿ: ಹೂವಿನಹಡಗಲಿಯ ಮಲ್ಲಿಗೆಯಾಗಲಿ ಉಡುಪಿಯ ಮಲ್ಲಿಗೆಯಾಗಲಿ, ಆ ಹೂವಿನ ಪರಿಮಳದಲ್ಲಿ ಇಂಡೋಲ್ ಎಂಬ ಅಂಶವಿದೆ. ಅದೇ ಅಂಶ ಮಲದ ದುರ್ಗಂಧದಲ್ಲಿಯೂ ಇದೆ. ಅತ್ಯಲ್ಪವಾಗಿದ್ದಾಗ ಹೂ, ಮಿತಿಮೀರಿದಾಗ ಹೊಲಸು. ದುರ್ಗಂಧವೆಂದು ಮೂಗು ಮುರಿಯುವವರು ಮುಡಿದ ಹೂವಿನಲ್ಲಿಯೇ ಅದರ ಲವಲೇಶವಿರುವಾಗ ದುಡಿದು ಬಂದವನನ್ನು ಕಂಡು ಹಿಂದೆ ಸರಿಯುವುದು ಯಾವ ನ್ಯಾಯ?

ಷಟ್‌ಸ್ಥಲ ಸಿದ್ಧಾಂತದಲ್ಲಿ ಗಂಧವು ಪೃಥ್ವಿಯ ಗುಣ, ಅದನ್ನು ಗ್ರಹಿಸುವ ಇಂದ್ರಿಯ ಘ್ರಾಣ. ಆ ಘ್ರಾಣದಲ್ಲಿ ನೆಲೆಸಿದ್ದು ಆಚಾರಲಿಂಗ. ಆರು ಲಿಂಗಗಳಲ್ಲಿ ಆಚಾರವೆಂಬ ಹೆಸರಿನದು ಮೂಗಿನಲ್ಲಿಯೇ ಏಕೆ ಕುಳಿತಿತೆಂದು ನಾವು ಅನೇಕ ಸಲ ಯೋಚಿಸಿದ್ದುಂಟು. ಕಂಪು ಎಂಬುದು ತನ್ನಲ್ಲಿ ಹುಟ್ಟಿ ಪರರಲ್ಲಿ ಮುಗಿಯುವ ವಸ್ತು. ನಡತೆಯೂ ಹಾಗೆಯೇ. ಸುಗಂಧ ಹಚ್ಚುವುದು ತಪ್ಪೆಂದು ನಾವು ಹೇಳುವವರಲ್ಲ. ಹಬ್ಬಕ್ಕೆ, ಮದುವೆಗೆ, ಮನಸ್ಸಿನ ಉಲ್ಲಾಸಕ್ಕೆ ಹಚ್ಚಿಕೊಳ್ಳಿ. ನಾಚಿಕೆಯಿಂದ ಹಚ್ಚಬೇಡಿ, ಮೆರೆಯುವುದಕ್ಕಾಗಿ ಹಚ್ಚಬೇಡಿ.

ಎಷ್ಟು ಹಚ್ಚಬೇಕೆಂಬುದರಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಮೂಗಿನ ಸ್ವಭಾವವೆಂದರೆ ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಹಚ್ಚಿಕೊಂಡವರು ವಾಸನೆ ಹೋಯಿತೆಂದು ಮತ್ತೆ ಹಚ್ಚುತ್ತಾರೆ, ಪಕ್ಕದವರಿಗೆ ಅದು ಎರಡರಷ್ಟಾಗುತ್ತದೆ. ತೋಳಳತೆಯ ದೂರಕ್ಕೆ ತಿಳಿದರೆ ಸಾಕು. ತಿಳಿಯುತ್ತದೋ ಇಲ್ಲವೋ ಎಂದು ಸ್ವಂತ ಮೂಗನ್ನು ಕೇಳದೆ ಮನೆಯವರನ್ನು ಕೇಳಿ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವಾಗ, ಬಾಣಂತಿಯ ಕೋಣೆಗೆ ಕಾಲಿಡುವಾಗ, ದಮ್ಮಿನ ವ್ಯಾಧಿಯವರ ಮಗ್ಗುಲಲ್ಲಿ ಕೂರಬೇಕಾದಾಗ ಪೂರ್ತಿ ಬಿಟ್ಟುಬಿಡಿ. ಘಾಟು ವಾಸನೆಯಿಂದ ಉಬ್ಬಸ ಕೆರಳುತ್ತದೆ. ದಾಸೋಹದ ಪಂಕ್ತಿಯಲ್ಲಿ ಬಡಿಸುವ ಹುಡುಗರಿಗೆ ನಾವು ಇದನ್ನೇ ಹೇಳಿದ್ದೇವೆ, ಹುಗ್ಗಿಯ ಏಲಕ್ಕಿ ಉಣ್ಣುವವರ ಮೂಗಿಗೆ ಮುಟ್ಟಬೇಕಲ್ಲ.

ಕೊಂಡ ಶೀಶೆಯನ್ನು ಚೆಂದ ಕಾಣಲೆಂದು ಕಿಟಕಿಯ ಗೂಡಿನಲ್ಲಿ ಇಡುವವರಿದ್ದಾರೆ. ಬಿಸಿಲು, ಕಾವು ತಾಗಿದರೆ ಕೆಲವೇ ತಿಂಗಳಲ್ಲಿ ಬಣ್ಣ ತಿರುಗಿ ಹುಳಿವಾಸನೆ ಬರುತ್ತದೆ. ಮುಚ್ಚಳ ಬಿಗಿದು ಕಪಾಟಿನ ಕತ್ತಲೆಯಲ್ಲಿ ಇಡಿ. ಕೆಟ್ಟು ಹೋಗಿದ್ದರೆ, ದುಡ್ಡು ಕೊಟ್ಟು ತಂದದ್ದೆಂದು ಹಟಕ್ಕೆ ಹಚ್ಚಿಕೊಂಡು ಸಭೆಗೆ ಬರಬೇಡಿ.